ತಿಪ್ಪೆಯ ಗಾಳಿ, ಅತ್ತೆಯ ಮಲ್ಲಿಗೆ

ನಮ್ಮ ಸೋದರಮಾವನಷ್ಟು ಮಣ್ಣು ತಿಂದವರು ಕಂಪ್ಲಿ ಸೀಮೆಯಲ್ಲಿ ಎರೆಹುಳು ಬಿಟ್ಟರೆ ಇನ್ನಾರೂ ಇರಲಿಕ್ಕಿಲ್ಲ! ಯಾರ ಹೊಲಕ್ಕೆ ಹೋದರೂ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದ. ನನಗೆ ಹೆಣ್ಣು ನೋಡಲು ಹೊಸಪೇಟೆಗೆ ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಈ ಮಹಾಶಯ ಹಿತ್ತಲಿಗೆ ಹೋಗಿ ಬಂದು, "ಮಣ್ಣು ಚಲೋ ಐತಿ, ಮಾಡ್ಕೋ" ಎಂದ. ಮಾಡಿಕೊಂಡೆ. ಇವತ್ತಿನವರೆಗೆ ದೂರುವಂಥದ್ದೇನೂ ಆಗಿಲ್ಲ.

ಒಮ್ಮೆ ಮೆಟ್ರಿ ಹಳ್ಳಿಯ ಅವನ ಮನೆಗೆ ಬಳ್ಳಾರಿಯಿಂದ ಬೇಸಾಯ ಇಲಾಖೆಯ ಅಧಿಕಾರಿಯೊಬ್ಬರು ಮಣ್ಣು ತುಂಬಿಕೊಳ್ಳಲು ಸೀಸೆಗಳನ್ನು ಹಿಡಿದು ಬಂದರು.

"ಸೀಸೆ ಯಾಕ್ರಿ ಸಾಹೇಬ್ರ? ನಿಮಗ ನಾಲಗಿ ಇಲ್ಲೇನು?"

ಅವರು ತಿಪ್ಪೆಯ ಮುಂದೆ ಬಂದು ಮೂಗು ಮುಚ್ಚಿಕೊಂಡರು. "ಗೊಬ್ಬರದ ಸಾರವೆಲ್ಲ ಗಾಳಿಗೆ ಹಾರಿಹೋಗುತ್ತಿದೆ. ಮೇಲೆ ಮಣ್ಣು ಮುಚ್ಚಿ" ಎಂದರು.

ಬೇರೆ ಯಾರಾಗಿದ್ದರೂ ಮುಚ್ಚುತ್ತಿದ್ದರು. ಮಾವನ ತಲೆ ಬೇರೆ ಕಡೆ ಓಡಿತು. ಹಾರಿದ ಸಾರ ಎಲ್ಲಾದರೂ ಇಳಿಯಲೇಬೇಕಲ್ಲ!

ಎಲ್ಲಿ ಇಳಿಸಬೇಕೆಂಬುದೂ ಅವನಿಗೆ ಗೊತ್ತಿತ್ತು. ಒಂಬತ್ತನೇ ವಯಸ್ಸಿಗೆ ಪ್ಲೇಗಿನಲ್ಲಿ ಹೋದ ಅವನ ಒಬ್ಬಳೇ ಮಗಳು ನೆಟ್ಟ ಮಲ್ಲಿಗೆ ಹಿತ್ತಲಲ್ಲಿತ್ತು. ಅವನ ಹೆಂಡತಿ, ನಮ್ಮತ್ತೆ, ದಿನಾ ಬೆಳಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಆ ಗಿಡದ ಹೂವೇ ಆಗಬೇಕು. ಅದೀಗ ದಿನಕ್ಕೆ ನಾಲ್ಕೈದು ಹೂವಿಗೆ ಇಳಿದಿತ್ತು. ಮಾವ ಇಡೀ ತಿಪ್ಪೆಯನ್ನು ತಂದು, ಗಾಳಿ ಬೀಸುವ ದಿಕ್ಕು ನೋಡಿ, ಗಿಡದ ಪಕ್ಕದಲ್ಲೇ ಒಟ್ಟಿಸಿದ.

"ಏನ್ರಿ ಇದು? ಅಡಿಗಿಮನಿತನಾ ನಾರ್ತೈತಿ, ಕಣ್ಣು ಉರಿತಾವ!"

"ಸುಮ್ನಿರು. ಬುಟ್ಟಿಗಟ್ಲೆ ಹೂವು ಕೊಡ್ತೀನಿ ನಿನಗ."

ಬಂತು ನೋಡಿ, ಎಲೆ! ಕಪ್ಪನೆಯ ಹಸಿರು, ಅಂಗೈಯಗಲ! ಗಿಡ ಗೋಡೆ ದಾಟಿ ಪಕ್ಕದ ಮನೆಗೆ ಇಣುಕಿತು. ಊರವರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ಹೂವು? ಒಂದು ಮೊಗ್ಗೂ ಇಲ್ಲ. "ಎಲಿ ಬಂದಮ್ಯಾಲ ಹೂವು ಎಲ್ಲಿಗ್ಹೋಗ್ತಾವ?" ಎಂದು ಮಾವ ಎದೆ ಸೆಟೆಸಿದ. ಬೇಸಿಗೆಗೆ ಎಲೆಗಳು ಅಂಚು ಸುಟ್ಟಂತೆ ಕರಕಲಾಗಿ ಉದುರತೊಡಗಿದವು.

ಆ ದಿನ ನಾನು ಅಲ್ಲೇ ಇದ್ದೆ. ಮಾವ ಬುಡದ ಮಣ್ಣು ನಾಲಿಗೆಗೆ ಹಚ್ಚಿದ. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಹುಳಿ ಆಗೇತಲೇ" ಎಂದ ಕೊನೆಗೆ. "ಉಣಿಸಿ ಉಣಿಸಿ ಕೆಡಿಸಿಬಿಟ್ಟೆ."

ಆಳುಗಳನ್ನು ಹತ್ತಿರ ಬಿಡದೆ ಮೂರು ದಿನ ತಾನೇ ಬುಟ್ಟಿ ಹೊತ್ತು ತಿಪ್ಪೆ ತೆಗೆದ. ಅಷ್ಟರಲ್ಲಿ ಗಿಡ ಉಳಿದ ಎಲೆಯನ್ನೂ ಉದುರಿಸಿತು. ಬರೀ ಕಡ್ಡಿಯಾಯಿತು. ಅವನನ್ನು ನೋಡಿ ನಗುವುದನ್ನು ನಾನು ಅವತ್ತೇ ಬಿಟ್ಟೆ.

ಮೂರನೆಯ ದಿನ ಬೆಳಗ್ಗೆ ಅತ್ತೆ ಪೂಜೆಗೆ ಕೂತಿದ್ದಳು. ಹೂಬುಟ್ಟಿ ಖಾಲಿ. ಮಾವ ಕೊನೆಯ ಬುಟ್ಟಿ ಚೆಲ್ಲಿ ಬಂದು ಹೊಸ್ತಿಲಾಚೆ ನಿಂತ.

"ಆಕಿದು ಅಂತ ಅದೊಂದಽ ಉಳಿದಿತ್ತು. ಅದನ್ನೂ ನಾನಽ ಕೊಂದೆ" ಎಂದ.

ಅತ್ತೆ ಬೈಯುತ್ತಾಳೆಂದುಕೊಂಡೆ. ಬೈಯಲಿ ಎಂದು ಅವನೂ ಕಾದಿದ್ದನೇನೋ. ಅವಳು ಸೆರಗಿನ ಗಂಟು ಬಿಚ್ಚಿ, ಅಂಚು ಸುಟ್ಟ ಒಂದು ಒಣ ಎಲೆ ತೆಗೆದು ಲಿಂಗದ ಮೇಲಿಟ್ಟಳು.

"ಒಳಗ ಬರ್ರಿ."

"ಮೈತುಂಬ ತಿಪ್ಪಿ ಐತಿ. ಪೂಜಿಗೆ ಮೈಲಿಗಿ ಆಗ್ತೈತಿ."

"ಆಗ್ಲಿ" ಎಂದ ಅತ್ತೆ, ಚಾಪೆಯ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದಳು. "ಕುಂದ್ರಿ."