ಮೋತಿಯ ಕೋಳಿ, ಶಂಕ್ರೆವ್ವನ ಫ್ರಿಜ್

ಸಿದ್ದಲಿಂಗೇಶನ ಮನೆಯಲ್ಲಿ ಸ್ನಾನ ಮಾಡದೆ ಮುಟ್ಟಬಾರದ ವಸ್ತುಗಳು ಎರಡು: ದೇವರ ಜಗಲಿ ಮತ್ತು ಫ್ರಿಜ್. ಎರಡಕ್ಕೂ ಅವನ ತಾಯಿ ಶಂಕ್ರೆವ್ವನೇ ಚಕ್ರವರ್ತಿನಿ. ಅಂಥ ಫ್ರಿಜ್ಜಿನೊಳಗೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಈ ತಿಕೋಟಾ ಹೈಸ್ಕೂಲಿನ ಮಾಸ್ತರ, ಒಡೆದ ಪ್ಯಾಕೆಟ್ಟಿನ ಹಸಿ ಕೋಳಿ ಬಚ್ಚಿಟ್ಟಿದ್ದ.

ಬೇರೆ ದಾರಿ ಇರಲಿಲ್ಲ. ಗೆಳೆಯ ಸಾಬಣ್ಣ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಸೊಲ್ಲಾಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ಒಬ್ಬನೇ ಇದ್ದ ಅವನ ಹಿಂದೆ ಉಳಿದದ್ದು ಮೋತಿ ಎಂಬ ನಾಯಿ. ಸಿದ್ದಲಿಂಗೇಶ ಅದನ್ನು ಮನೆಗೆ ಕರೆತಂದ. ಅದು ಹಾಲು ಮೂಸಲಿಲ್ಲ, ರೊಟ್ಟಿ ಮೂಸಲಿಲ್ಲ. ಗೇಟಿನ ಕಡೆ ಮುಖ ಮಾಡಿ ಮಲಗಿತು. ಸಿದ್ದಲಿಂಗೇಶನೂ ಆಗಾಗ ಅತ್ತಲೇ ನೋಡುತ್ತಿದ್ದ. ಸಾಬಣ್ಣನ ಬೈಕಿನ ಸದ್ದು ಇನ್ನು ಬರುವುದಿಲ್ಲವೆಂದು ಇಬ್ಬರಿಗೂ ಯಾರು ಹೇಳಬೇಕು?

ನಾಯಿಯನ್ನು ನೋಡಿದ ಡಾಕ್ಟರ್ ಮುಮತಾಜ, "ಕೋಳಿ ಕುದಿಸಿ ಕೊಡ್ರಿ ಸರ," ಅಂದಿದ್ದರು. "ಆದ್ರ ಕೆಟ್ಟದ್ದು ಕೊಟ್ರಿ ಅಂದ್ರ ಇಷ್ಟ ಸೊರಗಿದ ಮೈಯಾಗ ನಾಯಿ ಉಳಿಯಂಗಿಲ್ಲ."

ಮಾಳಿಗೆಯ ಮೇಲೆ ಕದ್ದು ಕುದಿಸಿದ ನಾಲ್ಕು ತುಂಡನ್ನು ಮೋತಿ ತಿಂದಿತು. ಉಳಿದದ್ದನ್ನು ಎಲ್ಲಿಡುವುದು? ಪ್ಯಾಕೆಟ್ಟಿನ ಮೇಲಿನ ಅಕ್ಷರಗಳನ್ನು ಶಿಲಾಶಾಸನ ಓದುವಂತೆ ಓದಿದ. ತಂಪಿನಲ್ಲಿಡಿ ಎಂದಿತ್ತು, ಯಾವ ಹಲಗೆ ಎಂದಿರಲಿಲ್ಲ. ಕುಳ್ಳಗಿನ ತಾಯಿಯ ಕೈ ಎಟುಕದ ಮೇಲಿನ ಹಲಗೆಯ ಮೂಲೆಗೆ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ತಳ್ಳಿದ. ಕೆಳಗೇ ಮೊಸರಿನ ಗಡಿಗೆ. ಆ ಹೊತ್ತಿನಿಂದ ಮೊಸರು ಬಿಟ್ಟ. (ತನಗೆ ನೆಗಡಿ ಎಂದು ತಾಯಿಗೆ ಹೇಳಿದ.)

ಮರುದಿನ ಬೆಳಿಗ್ಗೆ ಶಂಕ್ರೆವ್ವ, "ಇವತ್ತ ಫ್ರಿಜ್ ತೊಳೀತೇನಿ. ಏನೋ ನಾತ ಬರಾಕತ್ತೈತಿ," ಅಂದಳು.

"ನಾತ? ನನಗೇನೂ ಬರವಲ್ದು."

"ನಿನಗ ನೆಗಡಿ ಅಲ್ಲೇನೋ?"

ಅವಳು ನೀರಿಗೆಂದು ಹಿತ್ತಲಿಗೆ ಹೋದದ್ದೇ ತಡ, ಮುಖ ತಿರುಗಿಸಿಕೊಂಡೇ ಮೇಲಿನ ಡಬ್ಬಿ ಎಳೆದು ಚೀಲಕ್ಕೆ ಹಾಕಿ ತಿಕೋಟಾ ಬಸ್ಸು ಹತ್ತಿದ. ಬಿಸಿಲು ಏರುತ್ತಿತ್ತು. ಪಕ್ಕದ ಮುದುಕಿ, "ಸರ, ನಿಮ್ಮ ಡಬ್ಬಿ ಸೋರಾಕತ್ತೈತಿ ನೋಡ್ರಿ," ಅಂದಳು. ಪ್ಯಾಂಟು ಒದ್ದೆಯಾಗಿತ್ತು. ಇಡೀ ಬಸ್ಸು ತನ್ನ ಕುಲ ಗೋತ್ರ ವಿಚಾರಿಸಿದಂತಾಯಿತು. ನಡುದಾರಿಯ ತೊರವಿ ಊರಿನಲ್ಲೇ ಧುಮುಕಿದ. ಇಷ್ಟು ಕಾದ ಕೋಳಿಯನ್ನು ನಾಯಿಗೆ ಕೊಡುವಂತಿಲ್ಲ. ಜಾಲಿ ಗಿಡದ ಮರೆಗೆ ಹೋಗಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಡಬ್ಬಿ ಬೋರಲು ಹಾಕಿದ. ಮೆತ್ತಗೆ ಏನೋ ಜಾರಿ ಬಿತ್ತು.

"ಸಾಬ್ಯಾ, ತಪ್ಪಾತು ಲೇ," ಅಂದ. "ನಿನ್ನ ನಾಯೀದು ತುತ್ತು ಚೆಲ್ಲಿಬಿಟ್ಟೆ."

ಸಂಜೆ ಹೊಸ ಪ್ಯಾಕೆಟ್ಟು ಕೊಂಡು, ಎಲ್ಲರಿಗೂ ಕಾಣುವಂತೆ ಕೈಯಲ್ಲೇ ಹಿಡಿದು ಮನೆಗೆ ಬಂದ. ಅವ್ವ ಬೈದರೆ ಬೈಯಲಿ, ನಾಯಿ ಉಳಿಯಬೇಕು.

ಅಂಗಳದಲ್ಲಿ ಮೋತಿ ತಾಟಿಗೆ ಬಾಯಿ ಹಾಕಿ ತಿನ್ನುತ್ತಿತ್ತು. ಎದುರಿಗೆ ಶಂಕ್ರೆವ್ವ, ಮೂಗಿಗೆ ಸೆರಗು.

"ಯವ್ವಾ, ಏನದು?"

"ನಿನ್ನ ಕೋಳಿ. ಮಾಳಿಗಿ ಮ್ಯಾಲಿನ ನಿನ್ನ ಒಲಿ ಮ್ಯಾಲನ ಕುದಿಸೇನಿ. ಅದನ್ನ ಮ್ಯಾಲ ಇಡತಾರೇನೋ ಹುಚ್ಚಪ್ಪಾ? ಸೋರಿದ್ರ ಮಸರಿನಾಗ ಬೀಳಂಗಿಲ್ಲ? ನಿನ್ನೇನ ಸ್ಟೂಲ್ ಹತ್ತಿ ಇಳಿಸಿ, ಬಿಗಿಯಾಗಿ ಮುಚ್ಚಿ, ಎಲ್ಲಾದಕ್ಕಿಂತ ಕೆಳಗ ಇಟ್ಟೆ. ಎರಡ ದಿನದಾಗ ಮುಗಸಬೇಕು. ಇಲ್ಲಂದ್ರ ಬರ್ಫದ ಖಾನೇದಾಗ ಹಾಕಬೇಕು."

"ನಿನಗ ಇದನ್ನೆಲ್ಲಾ ಯಾರು ಕಲಿಸಿದ್ರು?"

ಶಂಕ್ರೆವ್ವ ಸೆರಗು ಇಳಿಸಿದಳು. "ಸಾಬಣ್ಣ. ಅವನ ಫ್ರಿಜ್ ಕೆಟ್ಟಿತ್ತಲ್ಲ, ಎರಡ ವರ್ಷ ರವಿವಾರಕ್ಕೊಮ್ಮೆ ನಮ್ಮ ಮನ್ಯಾಗ ಇಡತಿದ್ದ. ಸಿದ್ದಲಿಂಗೇಶಗ ಹೇಳಬ್ಯಾಡ ಬೇ ಯವ್ವಾ, ಊಟ ಬಿಡತಾನ ಅಂದಿದ್ದ."

ಎರಡು ವರ್ಷ! ಸಿದ್ದಲಿಂಗೇಶನಿಗೆ ಈಗಲೇ ಹೋಗಿ ಜಗಳವಾಡಬೇಕೆನಿಸಿತು. ಆಡಲು ಅವನಿರಲಿಲ್ಲ.

"ಅದಿರಲಿ," ಅಂದಳು ಶಂಕ್ರೆವ್ವ. "ನಾಳೆ ನಿನ್ನ ಹೆಂಡತಿ ಬಬಲೇಶ್ವರದ ತವರಿಂದ ಬರತಾಳ, ತುಪ್ಪ ಕಾಸಬೇಕು. ಕೋಳಿ ಇದ್ದ ಜಾಗದಾಗ ಎಂಟ ದಿನದ ಬೆಣ್ಣಿಯ ಸ್ಟೀಲ್ ಡಬ್ಬಿ ಇಟ್ಟಿದ್ದೆ. ಈಗ ನೋಡಿದ್ರ ಡಬ್ಬೀನ ಇಲ್ಲ. ನೀ ಏನರ ನೋಡೀಯೇನು?"

ಸಿದ್ದಲಿಂಗೇಶ ಪ್ಯಾಂಟಿನ ಕಲೆಗೆ ಪ್ಯಾಕೆಟ್ಟನ್ನು ಅಡ್ಡ ಹಿಡಿದ. ಮೋತಿ ತಾಟು ಬಿಟ್ಟು ಎದ್ದಿತು. ಸಾಬಣ್ಣ ಹೋದಮೇಲೆ ಮೊದಲ ಸಲ ಬಾಲ ಅಲ್ಲಾಡಿಸುತ್ತ ಅವನ ಹತ್ತಿರ ಬಂದು, ಶಂಕ್ರೆವ್ವನ ಕಣ್ಣೆದುರಿಗೇ, ಅವನ ಪ್ಯಾಂಟಿನ ಜಿಡ್ಡನ್ನು ಒಂದೇ ಸಮನೆ ನೆಕ್ಕತೊಡಗಿತು.