ದಸರೆಗೆ ಮೈಸೂರಿನಿಂದ ಬಂದ ಬೀಗರು

ನಮ್ಮ ಮನೆಗೆ ಯಾರಾದರೂ ದೊಡ್ಡ ಮನುಷ್ಯರು ಬಂದಾಗ, ಇವರ ಮುಂದಾದರೂ ಮರ್ಯಾದೆಯಿಂದ ಇರೋಣ ಅಂತ ನಾವು ಗಟ್ಟಿ ಮನಸ್ಸು ಮಾಡಿದ ಹೊತ್ತಿಗೇ ಏನಾದರೊಂದು ಎಡವಟ್ಟು ಆಗುತ್ತದೆ. ಆಗದೇ ಹೋದದ್ದು ನನಗಂತೂ ನೆನಪಿಲ್ಲ.

ದಸರೆಗೆ ಇಡೀ ನಾಡು ಮೈಸೂರಿಗೆ ಹೋಗುತ್ತದೆ. ಆ ಗದ್ದಲಕ್ಕೆ ಬೇಸತ್ತ ಮೈಸೂರಿನವರು ಎಲ್ಲಿಗೆ ಹೋಗುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಾನು ಹೇಳುತ್ತೇನೆ: ಕುಷ್ಟಗಿಗೆ, ನಮ್ಮ ಮನೆಗೆ. ಬೇಸಿಗೆಯಲ್ಲಿ ಮಗಳನ್ನು ಮೈಸೂರಿಗೆ ಕೊಟ್ಟಿದ್ದೆವು. ದಸರೆ ರಜೆಗೆ ಬೀಗರು, ಬೀಗತಿ ಮೊದಲ ಸಲ ಬಂದರು. ಬೀಗರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೀಗತಿಗೆ ಮಾತು ಕಡಿಮೆ, ನೋಟ ಜಾಸ್ತಿ.

"ಕೋಟೆ, ದೇವಸ್ಥಾನ ಎಲ್ಲ ನಮ್ಮಲ್ಲೂ ಇವೆ. ನಿಮ್ಮ ಕಡೆ ಸಂತೆ, ಅಂಗಡಿ, ಕೈಕೆಲಸದವರ ಮನೆ ತೋರಿಸಿ, ಸಾಕು" ಅಂದರು ಬೀಗರು.

ಮಗಳು ಫೋನ್ ಮಾಡಿ, "ಅವ್ವಾ, ನಮ್ಮತ್ತಿ ಮನಸ್ಸಿನ್ಯಾಗ ಏನೈತಿ ಅಂತ ನನಗಿನ್ನೂ ತಿಳಿದಿಲ್ಲ. ಅಪ್ಪಗ ಸ್ವಲ್ಪ ಸುಮ್ಮನಿರಾಕ ಹೇಳು" ಅಂದಳು. ಅಪ್ಪ ಅಂದರೆ ನಮ್ಮ ಮನೆಯವರು, ಕುಷ್ಟಗಿಯಲ್ಲಿ ಬೀಜದ ಅಂಗಡಿ ಇಟ್ಟವರು. ಸುಮ್ಮನಿರುವುದು ಅವರ ಜಾತಕದಲ್ಲೇ ಇಲ್ಲ.

ಗಂಗಾವತಿಯ ಅರಿವಿ ಅಂಗಡಿ

ಮೊದಲ ದಿನ ನಾಷ್ಟಾ ಮಾಡುತ್ತ ನಮ್ಮ ಮನೆಯವರು, "ಇವತ್ತು ಗಂಗಾವತಿಗೆ ಹೋಗೂಣ್ರಿ ಬೀಗರ. ಅಲ್ಲಿ ಅರಿವಿ ಅಂಗಡಿ ಭಾಳ ಛಲೋ ಅದಾವ" ಅಂದರು.

ನಮ್ಮ ಕಡೆ ಬಟ್ಟೆಗೆ ಅರಿವಿ ಅನ್ನುತ್ತೇವೆ. ಬೀಗರಿಗೆ ಕೇಳಿಸಿದ್ದು ಅರಿವು, ಅಂದರೆ ಜ್ಞಾನ. ಇದೇನೋ ಪುಸ್ತಕದ ಅಂಗಡಿ ಅಂದುಕೊಂಡರು. ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಅರಿವಿನ ಅಂಗಡಿ! ಆಹಾ, ಎಂಥ ಮಾತು!" ಅಂದರು.

"ಹೌದ್ರಿ. ನಾವು ಕೊಳ್ಳದಿದ್ರೂ ಬೇಕಾದಷ್ಟು ಬಿಚ್ಚಿ ತೋರಸ್ತಾರ. ಬ್ಯಾಸರ ಮಾಡ್ಕೊಳ್ಳಂಗಿಲ್ಲ. ಮ್ಯಾಲ ಚಾ ಕುಡಸ್ತಾರ."

"ಬಡವರಿಗೂ ಎಟಕುತ್ತಾ?"

"ಎಟಕಲಾರದ ಏನ್ರಿ? ಮೀಟರ್ ಲೆಕ್ಕದಾಗ ಹರದು ಕೊಡ್ತಾರ. ಉಳದ ತುಂಡು ಭಾಳ ಸೋವಿ."

ಬೀಗರು ಇದರಲ್ಲೇನೋ ಗೂಢಾರ್ಥವಿದೆ ಅಂದುಕೊಂಡು ದಾರಿಯುದ್ದಕ್ಕೂ ಯೋಚನೆ ಮಾಡುತ್ತ ಕೂತರು. ಕಾರಟಗಿ ಕಡೆಯಿಂದ ಬಂದ ಭತ್ತದ ಲಾರಿಗಳ ನಡುವೆ ದಾರಿ ಮಾಡಿಕೊಂಡು ಅಂಗಡಿ ಮುಂದೆ ಇಳಿದೆವು. ಹಬ್ಬದ ಗಿರಾಕಿಗಳು ಬಾಗಿಲ ತನಕ ತುಂಬಿದ್ದರು. ಬೀಗರಿಗೆ ಒಳಗೆ ಏನಿದೆ ಅಂತ ಕಾಣುವಂತಿರಲಿಲ್ಲ. ಮಾಲೀಕರು ಬಾಗಿಲಲ್ಲೇ ಕೈಮುಗಿದು, "ಬರ್ರಿ ಬರ್ರಿ, ಎಂಥಾ ಅರಿವಿ ಬೇಕಾಗಿತ್ರಿ? ಮೈಗೋ, ಮನಿಗೋ?" ಅಂತ ಕೇಳಿದರು.

ಬೀಗರು ಎದೆಯ ಮೇಲೆ ಕೈಯಿಟ್ಟು, "ಮನಸ್ಸಿಗೆ" ಅಂದರು.

ಆಗ ನನಗೆ ಎಲ್ಲ ಹೊಳೆದು ತಲೆ ತಗ್ಗಿಸಿದೆ. ಮಾಲೀಕರು ಮಾತ್ರ ಒಂದು ಕ್ಷಣವೂ ತಡಮಾಡದೆ ಒಳಗಿನವರನ್ನು ಕೇಳಿ ಬಂದು ಹೇಳಿದರು: "ಅದು ಖಾಲಿ ಆಗೇತ್ರಿ ಸಾಹೇಬ್ರ. ಹಬ್ಬ ಮುಗದ ಮ್ಯಾಲೆ ಬರತೈತಿ."

ಎಳೀ ಸವತಿ

ಯಲಬುರ್ಗಾ ಸಂತೆಯಲ್ಲಿ ಬೀಗತಿ ನನ್ನ ಜೊತೆ ಮುಂದೆ ಮುಂದೆ ನಡೆದಿದ್ದರು. ಮೆಣಸಿನಕಾಯಿ ರಾಶಿ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದು ಬಿಟ್ಟರೆ ಮುಖದಲ್ಲಿ ಏನೂ ಬದಲಾವಣೆಯಿಲ್ಲ. ಆಗ ಹಿಂದಿನಿಂದ ಒಬ್ಬ ಮುದುಕಿಯ ಧ್ವನಿ ಬಂತು.

"ಎಳೀ ಸವತಿ ಬಂದಾವ ನೋಡ್ರೀ, ಎಳೀ ಸವತಿ! ಬರ್ರಿ ಸಾಹೇಬ್ರ, ನಿಮಗ ಕೊಡ್ತೀನಿ!"

ಬೀಗತಿ ಗಕ್ಕನೆ ನಿಂತು ತಿರುಗಿದರು. ನೋಡಿದರೆ ಮುದುಕಿ ಕರೆಯುತ್ತಿದ್ದದ್ದು ಬೀಗರನ್ನೇ. ಬೀಗರು ಮುಗುಳ್ನಗುತ್ತ ಆ ಕಡೆಯೇ ಹೊರಟಿದ್ದರು.

ಮುದುಕಿಯ ಮುಂದೆ ಇದ್ದದ್ದು ಸೌತೆಕಾಯಿ ಬುಟ್ಟಿ. ನಾವದಕ್ಕೆ ಸವತಿಕಾಯಿ ಅನ್ನುವುದು, ಅವಸರದಲ್ಲಿ ಬರೀ ಸವತಿ. ನಾನು ಇದನ್ನು ಹೇಳಬೇಕು ಅನ್ನುವಷ್ಟರಲ್ಲಿ ಮುದುಕಿ ಬೀಗತಿಯನ್ನೂ ಕರೆದೇಬಿಟ್ಟಳು: "ನೀವೂ ಬರ್ರಿ ಯವ್ವಾ. ಗಟ್ಟಿ ಬೀಜ ಇಲ್ಲ, ಕಹಿ ಇಲ್ಲ, ಬೆಳ್ಳಗ ತೆಳ್ಳಗ ಅದಾವ. ಸಾಹೇಬ್ರಿಗೆ ಎರಡು ಎಳೀ ಸವತಿ ಕಟ್ಟಲೇನ್ರಿ? ಉಂಬಾಗ ಬಾಜುಕ ಇದ್ರ ಹೊಟ್ಟಿಗಿ ತಂಪು."

ನಾನು ಬೀಗತಿಯ ಕಿವಿಯಲ್ಲಿ ಅರ್ಥ ಹೇಳಿದೆ. ಅವರು ಬುಟ್ಟಿ ನೋಡಿದರು, ಮುದುಕಿಯನ್ನು ನೋಡಿದರು, ಗಂಡನನ್ನು ತುಸು ಹೆಚ್ಚೇ ಹೊತ್ತು ನೋಡಿದರು.

ಬೀಗರು ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಕೈಮುಗಿದರು. "ಬೇಡಮ್ಮಾ. ಮನೇಲಿರೋ ಒಬ್ಬಳ ಹತ್ತಿರಾನೇ ಬೈಸಿಕೊಂಡು ಮುಗಿದಿಲ್ಲ."

ಮಂಗ್ಯಾನ ಸರ್ಟಿಫಿಕೇಟ್

ಆನೆಗೊಂದಿಯಲ್ಲಿ ಬಾಳೆನಾರಿನ ಟೊಪ್ಪಿಗೆ ಮಾರುವ ಹೆಣ್ಣುಮಗಳ ಜೊತೆ ಬೀಗರು ಒಂದೇ ಸಮನೆ ವಾದ ಹೂಡಿದ್ದರು. ಇದು ನಿಜವಾಗಿ ಬಾಳೆಯದೋ, ಪ್ಲಾಸ್ಟಿಕ್ಕೋ, ಏನು ಸಾಕ್ಷಿ? ಟೊಪ್ಪಿಗೆ ತಲೆಯ ಮೇಲೆ ಇಟ್ಟುಕೊಂಡೇ ವಾದ. ಗೋಡೆ ಮೇಲಿಂದ ಒಂದು ಮಂಗ ಬಗ್ಗಿ ಅದನ್ನು ಕಿತ್ತುಕೊಂಡಿತು, ಮೂಸಿತು, ಅಂಚನ್ನು ಒಂದು ಸಲ ಕಚ್ಚಿ ಅಗಿಯಿತು, ಬಾಳೆಹಣ್ಣಿಲ್ಲ ಅಂತ ಸಿಟ್ಟಾಗಿ ಎಸೆದು ಹೋಯಿತು.

ಹೆಣ್ಣುಮಗಳು ಟೊಪ್ಪಿಗೆಯ ಧೂಳು ಕೊಡವಿ ಬೀಗರ ಕೈಗೆ ಕೊಟ್ಟಳು. "ನನ್ನ ಮಾತು ಬಿಡ್ರಿ. ಈಗ ಅವ್ರು ನೋಡಿ ಹೇಳಿದ್ರಲ್ಲ."

ಕಿನ್ನಾಳದ ಗಿಳಿ

ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ ಮಾಡುವವರ ಮನೆಗೆ ಹೋದೆವು. ಪಡಸಾಲೆ ತುಂಬ ಆನೆ, ಗರುಡ, ಕೀಲುಕುದುರೆ, ದೇವರು. ನಡುವೆ ಆಗಷ್ಟೇ ಬಣ್ಣ ಬಳಿದ ಒಂದು ತೊಟ್ಟಿಲು. ಅದರ ಹಲಗೆಯ ಮೇಲೆ ಎದುರುಬದುರು ಎರಡು ಹಸಿರು ಗಿಳಿ. ಸಂಜೆಗೆ ಯಾರದೋ ಮನೆಯ ನಾಮಕರಣಕ್ಕೆ ಹೋಗಬೇಕಾದದ್ದು.

"ಬಣ್ಣ ಹಸಿ ಐತ್ರಿ, ಕೈ ಹಚ್ಚಬ್ಯಾಡ್ರಿ" ಅಂದರು ಕಲಾವಿದರು.

ಬೀಗರು ಶಿಸ್ತಿನ ಮನುಷ್ಯ. ಕೈ ಹಚ್ಚಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಮೇಲಿನ ಗೂಡಿನಲ್ಲಿದ್ದ ಗರುಡನನ್ನು ಚೆನ್ನಾಗಿ ನೋಡಬೇಕೆಂದು ಹಿಂದೆ ಸರಿದು ತೊಟ್ಟಿಲಿಗೆ ಬೆನ್ನು ಕೊಟ್ಟು ನಿಂತರು.

ತಿರುಗಿದಾಗ ಇಸ್ತ್ರಿ ಮಾಡಿದ ಬಿಳಿ ಜುಬ್ಬದ ಮೇಲೆ ಒಂದು ಗಿಳಿ ಕೂತಿತ್ತು. ತೊಟ್ಟಿಲ ಮೇಲೆ ಅದರ ಬಾಲ ಮಾತ್ರ ಉಳಿದಿತ್ತು.

ನಾಮಕರಣದವರಿಗೆ ಏನು ಹೇಳುವುದು, ಬೀಗರಿಗೆ ಏನು ಹೇಳುವುದು ಅಂತ ನಾನು ಬೆವರುತ್ತಿದ್ದರೆ ನಮ್ಮ ಮನೆಯವರು, "ಬೀಗರ, ಹಂಗ ಹೊಳ್ಳಿ ತೊಟ್ಲಕ್ಕ ಬೆನ್ನು ಹಚ್ಚಿ ನಿಂದರ್ರಿ. ಗಿಳಿ ಬಾಲಕ್ಕ ಕೂಡಿದ್ರ ಕೂಡಬಹುದು" ಅಂದರು.

ಕಲಾವಿದರು ಬೈಯುತ್ತಾರೆ ಅಂದುಕೊಂಡೆ. ಅವರು ಬೀಗರ ಬೆನ್ನಿನ ಹತ್ತಿರ ಬಂದು, ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿ ಕುಂಚ ಕೈಗೆ ತಗೊಂಡರು. "ಸ್ವಲ್ಪ ಅಲಗಾಡದಂಗ ನಿಂದರ್ರಿ ಸಾಹೇಬ್ರ. ಕೊಕ್ಕು ತೊಟ್ಲದಾಗ ಹಿಂಗ ಬಂದಿರಲಿಲ್ಲ. ಇದನ್ನ ನೋಡ್ಕೊಂಡು ತೊಟ್ಲದ ಮ್ಯಾಲೆ ಇನ್ನೊಂದ್ಸಲ ಬರದು ಬಿಡ್ತೀನಿ."

ಅಸಲಿ ಮಾಲು

ಕೊನೆಯ ದಿನ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋದೆವು. ಬೀಗತಿಗೆ ಅಲ್ಲಿ ನೇಯ್ದ ಸೀರೆ ಕೊಡಿಸಬೇಕಿತ್ತು. ಆ ಊರಲ್ಲಿ ಇನ್ನೊಂದು ವ್ಯಾಪಾರವೂ ಇದೆ: ಕೂದಲಿನದು. ಎಲ್ಲೆಲ್ಲಿಂದಲೋ ಕೂದಲು ತರಿಸಿ, ತೊಳೆದು, ಬಾಚಿ, ಉದ್ದ ನೋಡಿ ಬೇರೆ ಮಾಡಿ ಹೊರಗೆ ಕಳಿಸುತ್ತಾರೆ. ಅದನ್ನೂ ನೋಡೋಣ ಅಂದರು ಬೀಗರು. ಬೀಗತಿ, "ಅದರಲ್ಲೇನಿದೆ ನೋಡೋಕೆ? ಹೊತ್ತಾಯ್ತು, ಹೋಗೋಣ" ಅಂದರು. ಬೀಗರು ಕೇಳಲಿಲ್ಲ.

ಒಳಗೆ ಹಗ್ಗದ ಮೇಲೆ ಕುದುರೆಬಾಲದ ಹಾಗೆ ಸಾಲು ಸಾಲು ಕೂದಲು. ವ್ಯಾಪಾರಿ ಹಿರಿಯರು, ಭಾಳ ಆದರದವರು. "ಇದರಷ್ಟು ಉದ್ದಂದು ಈಗ ಸಿಗೂದ ಅಪರೂಪ್ರಿ ಸಾಹೇಬ್ರ" ಅಂತ ಒಂದನ್ನು ತೋರಿಸಿದರು.

ಬೀಗರಿಗೆ ಹುಮ್ಮಸ್ಸು ಬಂತು. "ಅಪರೂಪವಾ? ನಮ್ಮ ಮನೆಯವಳ ಜಡೆ ನೋಡಿ ಸ್ವಾಮಿ! ಈ ವಯಸ್ಸಲ್ಲೂ ಸೊಂಟದ ತನಕ. ಎಣ್ಣೆ, ಸೀಗೇಕಾಯಿ, ಅಷ್ಟೇ."

"ಸಾಕು ಬನ್ನಿ" ಅಂದರು ಬೀಗತಿ, ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳುತ್ತ.

"ಇರೇ, ನಾಚಿಕೆ ಯಾಕೆ? ಅಳತೆ ಮಾಡಿ ನೋಡಲಿ" ಅಂತ ಬೀಗರು ಜಡೆಯ ತುದಿ ಹಿಡಿದು ವ್ಯಾಪಾರಿಯ ಕಡೆ ಚಾಚಿದರು. ಅದು ಆರಾಮಾಗಿ ಬಂತು. ಪೂರ್ತಿ ಬಂತು. ಬೀಗತಿ ಅಲ್ಲೇ ನಿಂತಿದ್ದರು, ಜಡೆ ಇಲ್ಲಿಗೆ ಬಂದಿತ್ತು.

ಮುಗಿಯಿತು ಅಂದುಕೊಂಡೆ. ನನ್ನ ಮಗಳು ಆ ಮನೆಯಲ್ಲಿ ಇನ್ನು ಹೇಗೆ ಬಾಳುತ್ತಾಳೆ? ನಮ್ಮ ಮನೆಯವರು ಬಾಯಿ ತೆರೆದರು. ಬಲವಾಗಿ ಅವರ ಕಾಲು ತುಳಿದೆ.

ವ್ಯಾಪಾರಿ ಮಾತ್ರ ಬೀಗರ ಕೈಯಿಂದ ಆ ಚೌರಿ ತಗೊಂಡು, ಚಷ್ಮಾ ಹಾಕಿಕೊಂಡು, ಬುಡದ ಗಂಟು ತಿರುಗಿಸಿ ನೋಡಿದರು. ಮುಖ ಅರಳಿತು. "ಅಯ್ಯ ಅಕ್ಕಾರ! ಇದು ನಮ್ಮದ ಮಾಲ್ರಿ! ಈ ಗಂಟು ನಮ್ಮ ಮನ್ಯಾಗ ಹಾಕೂದು. ಮೈಸೂರಿಗೆ ನಾವ ಕಳಸ್ತೀವಿ!"

ಬೀಗತಿಯ ತುಟಿ ನಡುಗಿತು. ಅಳುತ್ತಾರೆ ಅಂತ ನಾನು ಹತ್ತಿರ ಹೋದೆ. ಅವರು ನನ್ನ ಭುಜ ಹಿಡಿದುಕೊಂಡು, ನಗು ತಡೆಯಲಾರದೆ ಹೇಳಿದರು: "ನೋಡಿದ್ರಾ ಬೀಗತೀ, ನಿಮ್ಮ ಮಗಳು ನಮ್ಮನೆಗೆ ಬರೋಕೆ ಮುಂಚೇನೇ ನಿಮ್ಮೂರು ನನ್ನ ತಲೆ ಮೇಲೆ ಕೂತಿತ್ತು!"

ಎಲ್ಲರೂ ಗೊಳ್ಳೆಂದು ನಕ್ಕೆವು. ನಗದಿದ್ದವರು ಬೀಗರೊಬ್ಬರೇ. ಖಾಲಿ ಕೈ ಇನ್ನೂ ಗಾಳಿಯಲ್ಲೇ ಚಾಚಿ ನಿಂತಿದ್ದರು.

"ಹಾಗಾದ್ರೆ..." ಅಂದರು ಸಣ್ಣ ಧ್ವನಿಯಲ್ಲಿ, "ನಮ್ಮ ಮದುವೆ ಫೋಟೋದಲ್ಲಿ ಮೊಣಕಾಲ ತನಕ ಜಡೆ ಇದೆಯಲ್ಲ, ಅದೂ ಇಲ್ಲಿಂದೇನಾ?"

"ಛೇ, ಅದು ಅಸಲಿ ರೀ" ಅಂದರು ಬೀಗತಿ ಕಣ್ಣೊರೆಸಿಕೊಳ್ಳುತ್ತ. "ಉದುರಿದ್ದು ನಿಮ್ಮನ್ನ ಕಟ್ಟಿಕೊಂಡ ಮೇಲೆ."