ನ್ಯೂಜಿಲೆಂಡ್, ಸ್ವೀಡನ್ ಮತ್ತು ನೆರೂಳಿನ ನಮ್ಮ ಸೊಸೈಟಿ

ಮನೆಯ ಬಚ್ಚಲಿನ ನಲ್ಲಿ ಸೋರುವುದನ್ನು ನಿಲ್ಲಿಸಲಾಗದವನು ಪರದೇಶದ ಸರ್ಕಾರಗಳಿಗೆ ಬುದ್ಧಿ ಹೇಳಬಾರದೆಂದು ಯಾವ ಕಾನೂನೂ ಇಲ್ಲ. ಇದ್ದಿದ್ದರೆ ನಾನು ಎಂದೋ ಒಳಗೆ ಹೋಗಬೇಕಿತ್ತು. ಕೊರೊನಾ ಕಾಲದಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ದೇಶ ದೇಶಗಳನ್ನು ಹೋಲಿಸಿದ್ದು. ಬೆಳಿಗ್ಗೆ ಎದ್ದು ಕೊತ್ತಂಬರಿ ಸೊಪ್ಪಿಗೆ ಸೋಪು ಹಚ್ಚಿ ತೊಳೆದು (ಆ ಚಟ್ನಿ ತಿಂದವರು ಇನ್ನೂ ನನ್ನನ್ನು ಕ್ಷಮಿಸಿಲ್ಲ), ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಕೆಲಸದ ನಾಟಕವಾಡುತ್ತ, ಯಾವ ದೇಶ ಗಡಿ ಮುಚ್ಚಿತು, ಯಾವ ದೇಶ ಶಾಲೆ ತೆರೆದಿಟ್ಟಿತು, ಯಾರು ಸಿಕ್ಕಸಿಕ್ಕವರನ್ನು ಹಿಡಿದು ಮೂಗಿಗೆ ಕಡ್ಡಿ ಹಾಕಿದರು ಎಂದೆಲ್ಲ ಓದುತ್ತಿದ್ದೆ. ಸಂಜೆಯ ಹೊತ್ತಿಗೆ ನನಗೆ ಆರೋಗ್ಯ ಮಂತ್ರಿಯ ಗತ್ತು ಬಂದಿರುತ್ತಿತ್ತು. ನನ್ನ ಹೆಂಡತಿ ವಿಮಲಾ ಮಾತ್ರ ಈ ಮಂತ್ರಿಗೆ ಪಾತ್ರೆ ತೊಳೆಯುವ ಖಾತೆ ವಹಿಸಿದ್ದಳು.

ನನ್ನ ವಿರೋಧ ಪಕ್ಷ ಪಕ್ಕದ ಬಾಲ್ಕನಿಯಲ್ಲಿತ್ತು. ಅವರು ಉಡುಪಿ ಕಡೆಯ ವಾಸುದೇವ ರಾಯರು, ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದವರು. ನಾನು ಮೈಸೂರಿನವನು, ಕೂತಲ್ಲಿಗೇ ಸಂಬಳ ಬರುತ್ತಿದ್ದುದರಿಂದ ಬಾಗಿಲು ಹಾಕಿಕೊಂಡ ನ್ಯೂಜಿಲೆಂಡಿನ ಪರ. ಗ್ರೈಂಡರಿನ ಸದ್ದು ಕೇಳದೆ ನಿದ್ದೆ ಬಾರದ ರಾಯರು, ಹೋಟೆಲುಗಳನ್ನು ಮುಚ್ಚದ ಸ್ವೀಡನ್ನಿನ ಪರ. ಆ ದೇಶ ಎಲ್ಲುಂಟೆಂದು ತನಗೆ ಗೊತ್ತಿಲ್ಲ, ಆದರೆ ಅಲ್ಲಿಯ ಹೋಟೆಲಿನವ ಪುಣ್ಯ ಮಾಡಿದವ ಎನ್ನುತ್ತಿದ್ದರು. ಅಲ್ಲಿನ ಜನ ಸಹಜವಾಗಿಯೇ ದೂರ ದೂರ ನಿಲ್ಲುತ್ತಾರೆ, ನಮ್ಮ ಪನವೇಲ್ ಲೋಕಲ್ ರೈಲಿನವರ ಹಾಗೆ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಪೇಪರ್ ಓದುವುದಿಲ್ಲ ಎಂದು ನಾನು ತಿಳಿಸಿ ಹೇಳುತ್ತಿದ್ದೆ. ಹೋಟೆಲು ಮುಚ್ಚಿದ್ದರೂ ಅವರು ದಿನಾ ಉಪ್ಪಿಟ್ಟು ಮಾಡಿ ವಾಚ್‌ಮನ್‌ಗಳಿಗೆ ಕಳಿಸುತ್ತಿದ್ದರು. ಅವರೊಡನೆ ಜಗಳವಾಡದ ಸಂಜೆ ನನಗೆ ಊಟ ಸೇರುತ್ತಿರಲಿಲ್ಲ.

ಇಷ್ಟೆಲ್ಲ ಮಾತನಾಡುವವನನ್ನು ಸುಮ್ಮನೆ ಬಿಡಬಾರದೆಂದು ನಮ್ಮ ಫ್ಲ್ಯಾಟುಗಳ ಸೊಸೈಟಿಯವರು ನನ್ನನ್ನು ಕಮಿಟಿಗೆ ಹಾಕಿದರು. ನಮ್ಮಲ್ಲಿ ಮೂರು ವಿಂಗು, ಮೂರೂ ಸ್ವತಂತ್ರ ರಾಷ್ಟ್ರಗಳು. ಒಂದರಲ್ಲಿ ಪೇಪರಿನವನಿಗೆ ಪ್ರವೇಶ, ಹಾಲಿನವನಿಗೆ ಇಲ್ಲ. ಇನ್ನೊಂದರಲ್ಲಿ ಇದರ ತದ್ವಿರುದ್ಧ. ಘೋಡಬಂದರ್ ರಸ್ತೆಯಲ್ಲಿರುವ ನನ್ನ ಷಡ್ಡಕನ ಕಾಂಪ್ಲೆಕ್ಸಿನಲ್ಲಂತೂ ಹಗ್ಗಕ್ಕೆ ಬುಟ್ಟಿ ಕಟ್ಟಿ ಮಹಡಿಯಿಂದ ಇಳಿಬಿಟ್ಟು ತರಕಾರಿ ಎಳೆದುಕೊಳ್ಳುತ್ತಿದ್ದರಂತೆ. ನಾನು ದಿನದ ಓದನ್ನೆಲ್ಲ ಮೊಬೈಲಿನ ಮೀಟಿಂಗಿನಲ್ಲಿ ಸುರಿಯುತ್ತಿದ್ದೆ. ಸೆಕ್ರೆಟರಿ ಪಾಟೀಲ್ ಬಾಯಿ, ನಿವೃತ್ತ ಮರಾಠಿ ಟೀಚರು, ದಡ್ಡ ಹುಡುಗನ ಉತ್ತರ ಮುಗಿಯಲೆಂದು ಕಾಯುವವರಂತೆ ಕೇಳಿಸಿಕೊಳ್ಳುತ್ತಿದ್ದರು.

ಎರಡನೇ ಅಲೆಯಲ್ಲಿ ರಾಯರಿಗೇ ಜ್ವರ ಬಂತು. ಆಂಬುಲೆನ್ಸ್ ಬಂದು ಕರೆದೊಯ್ದಾಗ ಇಡೀ ಸೊಸೈಟಿ ಕಿಟಕಿಯ ಹಿಂದೆ ನಿಂತು ನೋಡಿತು, ನಾನೂ ನೋಡಿದೆ. ಆಮೇಲೆ ಬಾಲ್ಕನಿಗೆ ಹೋದರೆ ಅವರ ಕುರ್ಚಿ ಕಾಣುತ್ತದೆಂದು ಬಾಗಿಲು ಹಾಕಿಕೊಂಡೆ. ಭಯವಾಗಿತ್ತು. ಭಯವಾದಾಗ ಕೆಲವರು ದೇವರ ನಾಮ ಹೇಳುತ್ತಾರೆ, ನಾನು ದಕ್ಷಿಣ ಕೊರಿಯಾದ ಬಗ್ಗೆ ಓದಿದೆ.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಅವರೇ ಫೋನ್ ಮಾಡಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಹೇಗಿದ್ದೀರಿ ಎಂದು ಕೇಳಿ ಅವರು ಉತ್ತರ ಹೇಳುವ ಮೊದಲೇ ಕೊರಿಯಾಕ್ಕೆ ಹಾರಿಬಿಟ್ಟೆ. ಅಲ್ಲಿ ಹೇಗೆ ಹುಡುಕಿ ಹುಡುಕಿ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಹೋಲಿಸಿದರೆ ನ್ಯೂಜಿಲೆಂಡೂ ಸಪ್ಪೆ, ನಿಮ್ಮ ಸ್ವೀಡನ್ನಂತೂ ಕೇಳಲೇಬೇಡಿ. ಆ ಕಡೆಯಿಂದ ಬರೀ ಉಸಿರಿನ ಸದ್ದು. ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ನಿಧಾನವಾಗಿ ಹೇಳಿದರು: "ಆಯ್ತು ಮಾರಾಯ್ರೆ. ಬರ್ತೇನೆ."

ನಾನು ಕುಣಿದಾಡಿದೆ. ವಿಮಲಾಗೆ ಹೇಳಿ, ಆಗಲೇ ಕಮಿಟಿಯ ಗ್ರೂಪಿನಲ್ಲಿ ರಾವ್‌ಜಿ ಆ ರಹೇ ಹೈಂ ಎಂದು ಹಾಕಿದೆ. ಸಂಜೆ ತುರ್ತು ಮೀಟಿಂಗು. ಬಂದವರನ್ನು ಎಷ್ಟು ದಿನ ಒಳಗಿಡಬೇಕು, ಅವರ ಕಸ ಯಾರು ಒಯ್ಯಬೇಕು, ಯಾವ ದೇಶದ ಕ್ರಮ ನಮ್ಮ ಸೊಸೈಟಿಗೆ ಹೊಂದುತ್ತದೆ ಎಂದು ಘನವಾದ ಚರ್ಚೆ ನಡೆಯಿತು. ನನ್ನ ಠರಾವು ಸರ್ವಾನುಮತದಿಂದ ಪಾಸಾಯಿತು. ನನ್ನ ಜೀವನದಲ್ಲಿ ಪಾಸಾದ ಒಂದೇ ಠರಾವು ಅದು.

ಎಲ್ಲ ಮುಗಿದ ಮೇಲೆ ಪಾಟೀಲ್ ಬಾಯಿ, ಡಿಸ್ಚಾರ್ಜ್ ಯಾವತ್ತಂತೆ ಎಂದು ಕೇಳಿದರು. ದಿನ ಹೇಳಲಿಲ್ಲ ಎಂದೆ. ಹಾಗಾದರೆ ನಿಮ್ಮ ಭಾಷೆಯಲ್ಲಿ ಸರಿಯಾಗಿ ಏನಂದರು ಎಂದರು. ನಾನು ನನ್ನ ಹರಕು ಮರಾಠಿಯಲ್ಲಿ, 'ಯೇತೋ' ಅಂದರು ಎಂದೆ. ಪಾಟೀಲ್ ಬಾಯಿ ಕನ್ನಡಕ ತೆಗೆದರು.

"ಸರ್, ಆಮ್ಹೀ ಪಣ್ ನಿಘತಾನಾ ಯೇತೋಚ್ ಮ್ಹಣತೋ," ಎಂದರು. ನಾವೂ ಹೊರಡುವಾಗ ಬರುತ್ತೇನೆ ಅಂತಲೇ ಅನ್ನುವುದು, ಅಂತ.

ನಾನು ಒಪ್ಪಲಿಲ್ಲ. ಉಡುಪಿಯ ಕನ್ನಡವೇ ಬೇರೆ, ಅಲ್ಲಿ ಬರುತ್ತೇನೆ ಅಂದರೆ ಬರುವುದೇ ಎಂದು ವಾದಿಸಿದೆ. ಹೊಸಲು ದಾಟುವಾಗ ಬಾಯಿತಪ್ಪಿ 'ಹೋಗ್ತೀನಿ' ಎಂದರೆ ಅಮ್ಮ ಗದರಿ 'ಬರ್ತೀನಿ' ಎಂದು ಹೇಳಿಸುತ್ತಿದ್ದ ಮನೆಯಲ್ಲಿ ಬೆಳೆದವನು ನಾನು, ಹಾಗೆ ವಾದಿಸಿದೆ. ಎರಡು ದಿನ ಆ ವಾದದ ಮೇಲೆಯೇ ಬದುಕಿದೆ. ಆಮೇಲೆ ಊರಿನಿಂದ ರಾಯರ ಹೆಂಡತಿಯ ಫೋನ್ ಬಂತು. ವಾದ ಅಲ್ಲಿಗೆ ಮುಗಿಯಿತು.

ಈಗಲೂ ಯಾರಾದರೂ ಯಾವ ದೇಶ ಚೆನ್ನಾಗಿ ನಿಭಾಯಿಸಿತು ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಬೇಕಾದಷ್ಟಿದೆ. ರಾಯರ ಆ 'ಬರ್ತೇನೆ'ಗೆ ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಮಾತ್ರ ವಿಮಲಾಗೂ ಹೇಳಿಲ್ಲ. 'ಹೋಗಿಬನ್ನಿ' ಎನ್ನಬೇಕಿತ್ತು. ನಾನಂದದ್ದು: "ಬನ್ನಿ ಬನ್ನಿ. ಲಿಫ್ಟಿನ ಗುಂಡಿ ಮಾತ್ರ ಮುಟ್ಟಬೇಡಿ."